ಅರ್ಧ ಕಿಟಕಿ

ನಮ್ಮ ಮನೆಯ ಕಿಟಕಿಗಳನ್ನು ಆರಿಸಿದ ದಿನ ನಾನು ಒಳಗೆ ಕಾಫಿ ಬೆರೆಸುತ್ತಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಏಕೆಂದರೆ ಮುಂದೆ ನಾನು ಆಡಲಿರುವ ಜಗಳದಲ್ಲಿ ಅರ್ಧ ಪಾಲು ನನ್ನ ಮೇಲೇ ಬೀಳುತ್ತದೆ.

2014ರ ಮಾರ್ಚ್ ತಿಂಗಳು. ಸಾಗರದಲ್ಲಿ ನಾವಾಗ ಬಾಡಿಗೆ ಮನೆಯಲ್ಲಿದ್ದೆವು. ಸೈಟಿನಲ್ಲಿ ಹೊಸ ಮನೆಯ ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಮರದ ಕಿಟಕಿಗೆ ಆಚಾರರು ಹೇಳಿದ ಲೆಕ್ಕ ಕೇಳಿ ನಮ್ಮವರು ಎರಡು ದಿನ ಮಾತಾಡಿರಲಿಲ್ಲ. ಮೂರನೆಯ ದಿನ ಕಂಟ್ರ್ಯಾಕ್ಟರು ಒಬ್ಬ ಅಲ್ಯೂಮಿನಿಯಂ ಕೆಲಸದವನನ್ನು ಕರೆದುಕೊಂಡು ಬಂದರು. ಅವನ ಕಂಕುಳಲ್ಲಿ ಒಂದು ಆಲ್ಬಮ್. ನಮ್ಮವರು, ಭಾವನವರು, ಕಂಟ್ರ್ಯಾಕ್ಟರು, ಅವನು, ನಾಲ್ವರೂ ಅದರ ಮೇಲೆ ಬಗ್ಗಿದರು. ನನ್ನ ಮದುವೆಯ ಆಲ್ಬಮ್ಮನ್ನೂ ಯಾರೂ ಅಷ್ಟು ಶ್ರದ್ಧೆಯಿಂದ ನೋಡಿದ್ದು ನನಗೆ ನೆನಪಿಲ್ಲ. ಕಾಫಿ ಲೋಟಗಳನ್ನಿಡುವಾಗ ನಾನೂ ಒಂದು ಪುಟ ಕಂಡೆ. ಗೋಡೆಯಿಡೀ ಗಾಜು, ಆಚೆ ಸಮುದ್ರ, ಈಚೆ ಬಿಳಿ ಸೋಫಾ. ಇಡೀ ಚಿತ್ರದಲ್ಲಿ ಒಂದು ನರಪಿಳ್ಳೆಯಿಲ್ಲ, ಒಂದು ಪೊರಕೆಯಿಲ್ಲ, ಒಣಗಲು ಹಾಕಿದ ಒಂದು ಟವೆಲ್ಲಿಲ್ಲ.

"ಹೇಗಿದೆ?" ಎಂದು ನಮ್ಮವರು ಕೇಳಿದರು.

"ಚೆನ್ನಾಗಿದೆ" ಎಂದೆ. ಕಿಟಕಿಯ ಬಗ್ಗೆ ನನ್ನನ್ನು ಕೇಳಿದ್ದು ಅದೊಂದೇ ಪ್ರಶ್ನೆ, ನಾನು ಕೊಟ್ಟದ್ದು ಅದೊಂದೇ ಉತ್ತರ. ಆಮೇಲೆ ಅಲ್ಯೂಮಿನಿಯಂನವನು ನನ್ನ ಕಡೆ ತಿರುಗಿ, "ಅಕ್ಕಾ, ನಂಗೆ ಸ್ವಲ್ಪ ಸಕ್ಕರೆ ಜಾಸ್ತಿ" ಎಂದ.

ಹೀಗೆ ನಮ್ಮ ಮನೆಗೆ ಒಂಬತ್ತು ಸ್ಲೈಡಿಂಗ್ ಕಿಟಕಿಗಳೂ ಹಾಲಿನಿಂದ ಸಿಟ್‌ಔಟಿಗೆ ಹೋಗುವ ಒಂದು ಸ್ಲೈಡಿಂಗ್ ಬಾಗಿಲೂ ಬಂದವು.

ನಾನು ಅಲ್ಯೂಮಿನಿಯಂನ ವೈರಿಯಲ್ಲ. ಮಲೆನಾಡಿನ ಮರದ ಮನೆಗಳನ್ನು ನೆನೆದು ಕಣ್ಣೀರು ಹಾಕುವ ಪಂಗಡವೊಂದಿದೆ. ಮದುವೆಮನೆಗಳಲ್ಲಿ ಊಟವಾದ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಅವರು ಶುರುಮಾಡುತ್ತಾರೆ. ಆ ಹಲಸಿನ ಹಲಗೆ, ಆ ಕಂಬ, ಆ ಕೆತ್ತನೆ! ಹಾಗೆ ಹೇಳುವವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿರುತ್ತಾರೆ. ಆಷಾಢದಲ್ಲಿ ಉಬ್ಬಿಕೊಂಡ ಮರದ ಕಿಟಕಿಯನ್ನು ಮೊಣಕೈಯಿಂದ ಗುದ್ದಿ ಮುಚ್ಚಿದ್ದು ಅವರಲ್ಲ. ಗಾಳಿಗೆ ಕೊಕ್ಕೆ ಕಿತ್ತು ದಡಾರನೆ ಹೊಡೆದುಕೊಂಡ ಬಾಗಿಲಿಗೆ ನಡುರಾತ್ರಿ ಎದ್ದು ಹೋದದ್ದೂ ಅವರಲ್ಲ. ನನ್ನ ತವರುಮನೆಯಲ್ಲಿ ಬೇಸಿಗೆ ರಜೆಯಲ್ಲಿ ಬೀಗ ಹಾಕಿಟ್ಟ ಒಂದು ಕೋಣೆಯನ್ನು ದಸರೆಗೆ ತೆರೆದಾಗ ಕಿಟಕಿಯ ಚೌಕಟ್ಟಿನ ಮೇಲೆ ಬಣ್ಣದ ಪದರ ಮಾತ್ರ ಉಳಿದಿತ್ತು. ಒಳಗೆಲ್ಲ ಗೆದ್ದಲು. ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿಯಿತು. ಅಲ್ಯೂಮಿನಿಯಂಗೆ ಗೆದ್ದಲಿಲ್ಲ, ಉಬ್ಬಿಲ್ಲ, ಕಬ್ಬಿಣದಂಥ ತುಕ್ಕಿಲ್ಲ. ತೂಕವೂ ಕಬ್ಬಿಣದ ಮೂರನೇ ಒಂದು ಭಾಗದಷ್ಟೇ. ಸರಿಸುವ ಕಿಟಕಿಗೆ ಪರದೆ ಅಡ್ಡ ಬರುವುದಿಲ್ಲ, ಇಕ್ಕಟ್ಟಾದ ಬಾಲ್ಕನಿಯಲ್ಲಿ ಬಾಗಿಲು ತೆರೆದರೆ ತಲೆಗೆ ಬಡಿಯುವುದಿಲ್ಲ. ಇವೆಲ್ಲ ನಿಜ. ಇಷ್ಟನ್ನೂ ಆ ಅಲ್ಯೂಮಿನಿಯಂನವನು ಹೇಳಿದ. ಹೇಳದೆ ಬಿಟ್ಟದ್ದರ ಬಗ್ಗೆಯೇ ನನ್ನ ತಕರಾರು.

ಮೊದಲನೆಯದು, ಸರಿಯುವ ಕಿಟಕಿ ಅರ್ಧ ಕಿಟಕಿ.

ಇದು ನನಗೆ ತಿಳಿದದ್ದು ಗೃಹಪ್ರವೇಶವಾಗಿ ನಾಲ್ಕನೆಯ ದಿನ, ಹೊಸ ಅಡುಗೆಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ. ಘಾಟು ಎದ್ದಿತು. ಕಿಟಕಿ ತೆರೆಯಲು ಕೈ ಚಾಚಿದೆ. ಬಲಗಡೆಯ ಗಾಜನ್ನು ಎಡಕ್ಕೆ ತಳ್ಳಿದರೆ ಬಲ ತೆರೆಯುತ್ತದೆ, ಎಡ ಮುಚ್ಚಿಯೇ ಇರುತ್ತದೆ. ಎಡವನ್ನು ಬಲಕ್ಕೆ ತಳ್ಳಿದರೆ ಎಡ ತೆರೆಯುತ್ತದೆ, ಬಲ ಮುಚ್ಚುತ್ತದೆ. ನಾಲ್ಕಡಿಯ ಕಿಟಕಿ ಎಂದು ದುಡ್ಡು ಕೊಟ್ಟಿದ್ದೇವೆ, ಗಾಳಿಗೆ ಸಿಗುವುದು ಎರಡಡಿ. ಮೂರು ಟ್ರ್ಯಾಕ್ ಇದೆಯಲ್ಲ ಎಂದು ನಮ್ಮವರು ವಾದಿಸಿದರು. ಮೂರನೆಯದು ಸೊಳ್ಳೆ ಜಾಲರಿಗೆ ಮಹಾರಾಯರೇ! ಗಾಜು ಎರಡೇ ಇರುವವರೆಗೆ ಟ್ರ್ಯಾಕ್ ಮೂರಾದರೂ ಮೂವತ್ತಾದರೂ ತೆರೆಯುವುದು ಅರ್ಧವೇ. ಮೂರು ಟ್ರ್ಯಾಕಿನಲ್ಲಿ ಮೂರೂ ಗಾಜೇ ಆದರೆ ಮೂರರಲ್ಲಿ ಎರಡು ಪಾಲು ತೆರೆಯುತ್ತದೆ. ಆಗ ಜಾಲರಿಗೆ ಬೇರೆ ದಾರಿ ಹುಡುಕಬೇಕು.

ನಮ್ಮ ದೇಶದ ಕಟ್ಟಡ ಸಂಹಿತೆಯಲ್ಲಿ ಒಂದು ಲೆಕ್ಕವಿದೆ. ಒಣ ಸೆಖೆಯ ಸೀಮೆಯಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟು, ತೇವದ ಸೆಖೆಯ ಸೀಮೆಯಲ್ಲಿ ಆರನೇ ಒಂದು ಭಾಗದಷ್ಟು ಗಾಳಿಬೆಳಕಿಗೆ ತೆರಪು ಇರಬೇಕು ಎಂದು. ಹತ್ತಡಿಗೆ ಹತ್ತಡಿಯ ಕೋಣೆ ಎಂದರೆ ನೂರು ಚದರಡಿ. ಅದರ ಆರನೇ ಒಂದು ಹದಿನಾರೂವರೆ ಚಿಲ್ಲರೆ. ನಾಲ್ಕಡಿಗೆ ನಾಲ್ಕಡಿಯ ಕಿಟಕಿ ಇಟ್ಟರೆ ಹದಿನಾರು, ಹೆಚ್ಚುಕಡಿಮೆ ಸರಿಹೋಯಿತು ಎಂದು ನಕ್ಷೆಯಲ್ಲಿ ಅನ್ನಿಸುತ್ತದೆ. ಬೆಳಕಿಗೆ ಹದಿನಾರು ಇರಬಹುದು. ಗಾಳಿಗೆ? ಎಂಟು. ಜಾಲರಿ ಎಳೆದರೆ ಅದಕ್ಕೂ ಕಡಿಮೆ. ಆ ಹಳೆಯ ಬಾಡಿಗೆ ಮನೆಯ ಎರಡು ರೆಕ್ಕೆಯ ಪುಟ್ಟ ಕಿಟಕಿ ಮೂರಡಿಯದೇ ಆದರೂ ಪೂರ್ತಿ ಮೂರಡಿ ತೆರೆಯುತ್ತಿತ್ತು. ಹೊಸ ಮನೆಯಲ್ಲಿ ಕಿಟಕಿ ದೊಡ್ಡದಾಯಿತು, ಗಾಳಿ ಸಣ್ಣದಾಯಿತು.

ಇನ್ನು ಅದನ್ನು ಸರಿಸುವ ಚಂದ ನೋಡಬೇಕು. ಅಡುಗೆಮನೆಯ ಕಿಟಕಿ ಇರುವುದು ಎರಡಡಿ ಅಗಲದ ಕಟ್ಟೆಯ ಆಚೆ. ನಡುವೆ ಒಲೆ, ಒಲೆಯ ಮೇಲೆ ಕುದಿಯುವ ಸಾರು. ರೋಲರ್ ನುಣ್ಣಗಿದ್ದಾಗ ಬೆರಳಿನಿಂದ ತಳ್ಳಬಹುದು. ಒಂದು ವರ್ಷ ಕಳೆದು ಅದರ ಸಂದಿಯಲ್ಲಿ ಎಣ್ಣೆಜಿಡ್ಡು ಕೂತ ಮೇಲೆ ಮೈಭಾರ ಹಾಕಿ ತಳ್ಳಬೇಕು. ಮೈಭಾರ ಹಾಕಲು ಎದುರು ನಿಲ್ಲಬೇಕು. ಎದುರು ನಿಲ್ಲಲು ಕಟ್ಟೆ ಹತ್ತಬೇಕು. ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಸೀರೆ ಎತ್ತಿಕಟ್ಟಿ ಗ್ರಾನೈಟ್ ಕಟ್ಟೆಯ ಮೇಲೆ ಮಂಡಿಯೂರಿ ಕಿಟಕಿ ತೆರೆದಿದ್ದೇನೆ. ಆಲ್ಬಮ್ಮಿನಲ್ಲಿ ಈ ಚಿತ್ರ ಇರಲಿಲ್ಲ.

ಎರಡನೆಯದು ಆ ಟ್ರ್ಯಾಕ್. ಇದರ ಬಗ್ಗೆ ನನಗೆ ಹೇಳಲು ಬಹಳವಿದೆ, ಏಕೆಂದರೆ ಮನೆಯಲ್ಲಿ ಉಳಿದ ಯಾರಿಗೂ ಅದರ ಪರಿಚಯವೇ ಇಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನಮ್ಮಲ್ಲಿ ಈಸಲು ಹುಳು ಏಳುತ್ತವೆ. ದೀಪ ಕಂಡಲ್ಲಿ ಬಂದು ಮುತ್ತಿ ರೆಕ್ಕೆ ಉದುರಿಸಿ ಸಾಯುತ್ತವೆ. ಮೊದಲು ಬೆಳಿಗ್ಗೆ ಎದ್ದು ಒಮ್ಮೆ ಗುಡಿಸಿದರೆ ಆಯಿತು. ಈಗ ಒಂಬತ್ತು ಕಿಟಕಿಗಳ ಮೂರು ಮೂರು ಗೆರೆಗಳಲ್ಲಿ, ಎಂದರೆ ಇಪ್ಪತ್ತೇಳು ಕಾಲುವೆಗಳಲ್ಲಿ, ರೆಕ್ಕೆಗಳು ತುಂಬಿ ಕೂರುತ್ತವೆ. ಪೊರಕೆ ಒಳಗೆ ಹೋಗುವುದಿಲ್ಲ. ಬಟ್ಟೆ ಹೋಗುವುದಿಲ್ಲ. ಬೆರಳು ಹೋದರೂ ಆ ಅಂಚು ಕೊಯ್ಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಚಮಚದ ಹಿಡಿಗೆ ಸುತ್ತಿದ ಬನಿಯನ್ ಚೂರು, ಕೊನೆಗೆ ಮಗನ ಜಾಮಿಟ್ರಿ ಬಾಕ್ಸಿನ ಸ್ಕೇಲು, ಇವು ನನ್ನ ಆಯುಧಗಳು. ಮೇಲಿನ ಮಹಡಿಯ ಕಿಟಕಿಯಲ್ಲಂತೂ ಆಚೆ ಬದಿಯ ಗಾಜಿನ ಹೊರಮೈಯನ್ನು ಒರೆಸಲು ಕೈಯೇ ಎಟಕುವುದಿಲ್ಲ. ಆಚೆ ಗ್ರಿಲ್, ಈಚೆ ಗಾಜು, ನಡುವೆ ಒಂದು ಗೇಣು. ಅಲ್ಲಿ ನಾಲ್ಕು ವರ್ಷದ ಧೂಳು ಯಾವ ಭಯವೂ ಇಲ್ಲದೆ ಸಂಸಾರ ಹೂಡಿತ್ತು.

ಆದರೆ ಧೂಳಿಗಿಂತ ದೊಡ್ಡ ಕಥೆ ನೀರಿನದು. 2015ರ ಜೂನ್‌ನಲ್ಲಿ ಪಡುವಣ ಗಾಳಿ ಎದ್ದು ಮಳೆ ಅಡ್ಡ ಹೊಡೆಯತೊಡಗಿದಾಗ ಪಡುಕೋಣೆಯ ಟ್ರ್ಯಾಕ್ ದೋಣಿಯ ಹಾಗೆ ತುಂಬಿ ಒಳಗೆ ಹರಿಯಿತು. ಹಾಸಿಗೆ ಒದ್ದೆ, ಅತ್ತೆಯವರ ರಗ್ಗು ಒದ್ದೆ. ಅಲ್ಯೂಮಿನಿಯಂನವನಿಗೆ ಫೋನು ಹೋಯಿತು. ಅವನು ಬಂದ, ನೋಡಿದ, ಹೊರಗಡೆಯಿಂದ ಸಿಲಿಕಾನ್ ಹಚ್ಚಿದ. "ತೂತು ಇತ್ತು ಸಾರ್, ಅಲ್ಲಿಂದ ನೀರು ಬರ್ತಿತ್ತು, ಮುಚ್ಚಿದೀನಿ" ಎಂದ. ಆ ರಾತ್ರಿ ಮೊದಲಿಗಿಂತ ಎರಡು ಪಟ್ಟು ನೀರು ಬಂತು.

ಮರುದಿನ ಮಳೆ ಬಿಟ್ಟಾಗ ನಾನೊಂದು ಚೊಂಬು ನೀರನ್ನು ಟ್ರ್ಯಾಕಿಗೆ ಸುರಿದು ಕಾದು ಕೂತೆ. ಎಲ್ಲಿಗೂ ಹೋಗಲಿಲ್ಲ, ನಿಂತೇ ಇತ್ತು. ಪಕ್ಕದ ಕೋಣೆಯಲ್ಲಿ ಹಾಗೇ ಮಾಡಿದೆ. ಕೆಳಗಿನ ಗೆರೆಯಲ್ಲಿ ಹೊರಮುಖವಾಗಿ ಎರಡು ಸಣ್ಣ ಕಿಂಡಿಗಳಿದ್ದವು, ನೀರು ಅದರಿಂದ ಜುಳುಜುಳು ಹೊರಗೆ ಹೋಯಿತು. ಟ್ರ್ಯಾಕಿಗೆ ನೀರು ಬಂದೇ ಬರುತ್ತದೆ. ಅದು ಹೊರಗೆ ಹೋಗಲಿ ಎಂದೇ ಆ ಕಿಂಡಿ ಇರುವುದು. ಪಡುಕೋಣೆಯಲ್ಲಿ ಗಾರೆಯವರು ಅರ್ಧ ಮುಚ್ಚಿದ್ದರು, ಈ ಮಹಾಶಯ ಪೂರ್ತಿ ಮುಚ್ಚಿದ. ತಲೆಪಿನ್ನಿನಿಂದ ಕೆರೆದು ಕೆರೆದು ಸಿಲಿಕಾನ್ ತೆಗೆದೆ. ಅಂದಿನಿಂದ ಆ ಕೋಣೆಗೆ ನೀರು ಬಂದಿಲ್ಲ. ಪ್ರತಿ ಮೇ ತಿಂಗಳು ಒಂಬತ್ತು ಕಿಟಕಿಗೂ ಒಂದೊಂದು ಚೊಂಬು ನೀರು ಹೊಯ್ದು ನೋಡುತ್ತೇನೆ. ಇದಕ್ಕೆ ಯಾವ ಎಂಜಿನಿಯರಿಂಗ್ ಡಿಗ್ರಿಯೂ ಬೇಕಾಗಲಿಲ್ಲ. ಬಚ್ಚಲ ಕಿಂಡಿ ಕಟ್ಟಿದರೆ ಏನಾಗುತ್ತದೆಂದು ಬಲ್ಲ ಹೆಂಗಸು ಸಾಕು.

ಆ ನೀರಿಗೆ ಇನ್ನೊಂದು ಕಾರಣವೂ ಇತ್ತು. ಮನೆಯ ಎದುರು ನೋಟ ನೇರವಾಗಿ, ಸಪಾಟಾಗಿ, ಆ ಚಿತ್ರದಲ್ಲಿರುವ ಹಾಗೆ ಕಾಣಬೇಕೆಂದು ಕಿಟಕಿಗಳ ಮೇಲಿನ ಸಜ್ಜಾವನ್ನು ಒಂಬತ್ತು ಇಂಚಿಗೆ ಇಳಿಸಿದ್ದರು. 'ಎಲಿವೇಶನ್' ಎಂದು ಅದಕ್ಕೆ ಹೆಸರು. ಆಳೆತ್ತರದ ಗೋಡೆ ನೆನೆಯಬಾರದೆಂದು ಸೋಗೆಯನ್ನು ನೆಲಕ್ಕೆ ಮುಟ್ಟುವಷ್ಟು ಇಳಿಬಿಟ್ಟ ಹಿರಿಯರ ಊರಿನಲ್ಲಿ ಮಳೆಗೆ ಒಂಬತ್ತು ಇಂಚಿನ ಟೋಪಿ! ನನ್ನ ತಂಗಿ ಇರುವುದು ಬಳ್ಳಾರಿಯಲ್ಲಿ. ಅವಳಿಗೂ ಇದೇ ಆಲ್ಬಮ್ಮಿನ ಅಣ್ಣತಮ್ಮನನ್ನು ತೋರಿಸಿ ಪಡುವಣ ಗೋಡೆಗೆ ಆರಡಿ ಗಾಜು ಹಾಕಿಸಿದ್ದಾರೆ. ಏಪ್ರಿಲ್‌ನ ಮಧ್ಯಾಹ್ನ ಆ ಚೌಕಟ್ಟಿಗೆ ಕೈ ತಾಗಿದರೆ ಚುರುಕ್ ಎನ್ನುತ್ತದೆ. ಅಲ್ಯೂಮಿನಿಯಂ ಶಾಖವನ್ನು ಎಷ್ಟು ಬೇಗ ಹರಿಸುತ್ತದೆಂದು ಅದರ ಪಾತ್ರೆಯಲ್ಲಿ ಹಾಲು ಕಾಯಿಸಿದ ಯಾರಿಗೂ ಹೇಳಬೇಕಾಗಿಲ್ಲ. ಪಾಪ, ಅವಳು ಗಾಜಿಗೆ ಹಳೆಯ ಬೆಡ್‌ಶೀಟು ಕಟ್ಟಿ ಕೂತಿದ್ದಾಳೆ. ಸಮುದ್ರ ಕಾಣುವ ಗಾಜಿಗೆ ಹೂವಿನ ಬೆಡ್‌ಶೀಟು.

ಇಷ್ಟೇ ಆಗಿದ್ದರೆ ನಾನು ಗೊಣಗಿಕೊಂಡು ಸುಮ್ಮನಾಗುತ್ತಿದ್ದೆ. ಗೊಣಗುವುದು ನಮಗೆ ಹೊಸದೇನಲ್ಲ. ಈ ಬರಹ ಬರೆಯಲು ಕಾರಣ ಆ ಬಾಗಿಲು.

ನಮ್ಮ ಅತ್ತೆಯವರ ತವರು ಶರಾವತಿಯ ದಂಡೆಯಲ್ಲಿತ್ತು. ಅವರು ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ, 1964ರಲ್ಲಿ, ಲಿಂಗನಮಕ್ಕಿಯ ಅಣೆಕಟ್ಟೆ ಎದ್ದಿತು. ತವರು ಮುಳುಗಡೆಯಲ್ಲಿ ಹೋಯಿತು. ಮನೆ ಬಿಡುವಾಗ ಅವರ ತಂದೆ ಹೆಬ್ಬಾಗಿಲ ಚೌಕಟ್ಟನ್ನು ಹೊಸ್ತಿಲ ಸಮೇತ ಕಿತ್ತು ಗಾಡಿಗೆ ಹೇರಿಕೊಂಡು ಬಂದರಂತೆ. ನೆಲ ಬಿಡಬಹುದು, ದಿನಾ ಅರಿಸಿನ ಕುಂಕುಮ ಹಚ್ಚಿದ ಹೊಸ್ತಿಲು ಬಿಡುವುದು ಹೇಗೆ ಎಂದು. ಅತ್ತೆಯವರು ಆ ಹೊಸ್ತಿಲಿನ ಎತ್ತರವನ್ನು ಕೈಯಲ್ಲಿ ತೋರಿಸುತ್ತಿದ್ದರು: ಒಂದು ಗೇಣು, ಮೇಲೆ ನಾಲ್ಕು ಬೆರಳು. ಬಸುರಿ, ಬಾಣಂತಿ, ಮುದುಕಿ ಎಲ್ಲರೂ ಕಾಲೆತ್ತಿ ದಾಟಿದರು. ಯಾರೂ ಎಡವಲಿಲ್ಲ. ಅದು ಅಲ್ಲಿದೆ ಎಂದು ಕಾಲಿಗೇ ಗೊತ್ತಿತ್ತು.

ನಮ್ಮ ಸ್ಲೈಡಿಂಗ್ ಬಾಗಿಲಿನ ಕೆಳಪಟ್ಟಿ ನೆಲದಿಂದ ಎದ್ದಿರುವುದು ಒಂದೂಕಾಲು ಇಂಚು. ಬಣ್ಣ ಟೈಲಿನ ಬಣ್ಣದ್ದೇ. ಹೊಂದಲಿ ಎಂದು ಆರಿಸಿದ್ದು. ಹೊಳಪೂ ಟೈಲಿನದೇ. ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಮಾತ್ರ ಸಿಗುತ್ತದೆ. 2018ರ ನವೆಂಬರ್‌ನ ಒಂದು ಸಂಜೆ, ತುಳಸಿಗೆ ದೀಪ ಇಟ್ಟು ಸಿಟ್‌ಔಟಿನಿಂದ ಒಳಬರುವಾಗ ಅತ್ತೆಯವರ ಹೆಬ್ಬೆರಳು ಅದಕ್ಕೆ ಸಿಕ್ಕಿತು. ನಾನು ಅಡುಗೆಮನೆಯಲ್ಲಿದ್ದೆ. ಶಬ್ದ ಕೇಳಿ ಓಡಿ ಬಂದಾಗ ಅವರು ಎಡಮಗ್ಗುಲಿಗೆ ಬಿದ್ದಿದ್ದರು, ಎಣ್ಣೆಯ ಬಟ್ಟಲು ಗೋಡೆಯವರೆಗೆ ಉರುಳಿತ್ತು. ಸೊಂಟದ ಸಂದಿಯಲ್ಲಿ ಮೂಳೆ ಮುರಿದಿತ್ತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಎಪ್ಪತ್ತಾರು ವರ್ಷದವರು, ಅಲ್ಲಿಯವರೆಗೆ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದವರು, ಆಮೇಲೆ ವಾಕರ್ ಹಿಡಿದೇ ನಡೆದರು. ಆ ವಾಕರಿನ ನಾಲ್ಕು ಕಾಲಿಗೂ ಆ ಪಟ್ಟಿ ದಾಟಲು ಬರುತ್ತಿರಲಿಲ್ಲ. ಸಿಟ್‌ಔಟಿನಲ್ಲಿ ಕೂತು ಹತ್ತಿಬತ್ತಿ ಹೊಸೆಯುವುದು ಅವರ ಸಾಯಂಕಾಲದ ಕೆಲಸವಾಗಿತ್ತು. ಅದು ನಿಂತುಹೋಯಿತು. 2021ರಲ್ಲಿ ತೀರಿಕೊಳ್ಳುವವರೆಗೆ ಅವರು ಗಾಜಿನ ಒಳಗಡೆ ಕುರ್ಚಿ ಹಾಕಿಸಿಕೊಂಡು ರಸ್ತೆ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಅವರು ಯಾರನ್ನೂ ಬೈಯಲಿಲ್ಲ. ಒಂದು ಮಾತು ಮಾತ್ರ ಹೇಳಿದರು: "ಹೊಸ್ತಿಲು ಇದ್ದಿದ್ದರೆ ಕಾಲು ಎತ್ತುತಿದ್ದೆ ಮಾರಾಯ್ತಿ. ಇಲ್ಲದೇ ಇದ್ದಿದ್ದರೆ ನಡೆದು ಬರುತಿದ್ದೆ. ಇದು ಎರಡೂ ಅಲ್ಲ."

ಆ ಪಟ್ಟಿಯನ್ನು ನೆಲಕ್ಕೆ ಗಾಡಿ ಕೊರೆದು ಟೈಲಿನ ಮಟ್ಟಕ್ಕೆ ಕೂರಿಸಬಹುದಿತ್ತು. ಟೈಲು ಹಾಕುವ ಮೊದಲೇ ಹೇಳಿದ್ದರೆ ಅರ್ಧ ದಿನದ ಕೆಲಸ. ನೀರು ಒಳಬರದಂತೆ ಹೊರಗಿನ ನೆಲವನ್ನು ಒಂದಿಷ್ಟು ತಗ್ಗಿಸಿ ಇಳಿಜಾರು ಕೊಡಬೇಕು, ಅಷ್ಟೆ. ಇದನ್ನು ನನಗೆ ಹೇಳಿದವನು ಬೇರೆ ಯಾರೂ ಅಲ್ಲ, ಅದೇ ಅಲ್ಯೂಮಿನಿಯಂನವನು. "ಮೊದಲೇ ಯಾಕೆ ಹೇಳಲಿಲ್ಲಪ್ಪ?" ಎಂದೆ. "ಮನೇಲಿ ವಯಸ್ಸಾದವರು ಇದಾರೆ ಅಂತ ನಂಗೆ ಯಾರೂ ಹೇಳಿಲ್ವಲ್ಲ ಅಕ್ಕಾ" ಎಂದ. ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವನು ಹೇಳಿದ್ದು ಸರಿ. ಮನೆಯಲ್ಲಿ ಯಾರು ಯಾರಿದ್ದಾರೆ, ಯಾರು ಯಾವ ಬಾಗಿಲಲ್ಲಿ ದಿನಕ್ಕೆ ಎಷ್ಟು ಸಲ ಓಡಾಡುತ್ತಾರೆ ಎಂಬ ಲೆಕ್ಕ ಇದ್ದದ್ದು ನನ್ನೊಬ್ಬಳ ಬಳಿ. ನಾನು ಕಾಫಿ ಕೊಟ್ಟು ಒಳಗೆ ಹೋಗಿದ್ದೆ.

ಇಲ್ಲಿಯೇ ನನ್ನ ಜಗಳ ನಮ್ಮ ಕಡೆಗೆ ತಿರುಗುವುದು. ಸೋದರಿಯರೇ, ನಾವೇನು ಕಡಿಮೆ ಪರೀಕ್ಷಕರೇ? ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿ ಕಲ್ಲು ಹುಡುಕುತ್ತೇವೆ. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ಎಳೆ ಎಣಿಸುತ್ತೇವೆ. ಕುಕ್ಕರಿನ ಗ್ಯಾಸ್ಕೆಟ್ಟು ಹೊಂದದಿದ್ದರೆ ಅಂಗಡಿಗೆ ಮೂರು ಸಲ ಅಲೆಯುತ್ತೇವೆ. ಮನೆಯ ಕಿಟಕಿಯ ಮುಂದೆ ಮಾತ್ರ "ನಮಗೇನು ತಿಳಿಯುತ್ತೆ, ಅವರೇ ನೋಡ್ಕೋತಾರೆ" ಎನ್ನುತ್ತೇವೆ. ಅವರು ನೋಡಿಕೊಳ್ಳುವುದು ರಸ್ತೆಯಿಂದ. ನಾವು ಬದುಕುವುದು ಒಳಗಿನಿಂದ. ಅಲ್ಯೂಮಿನಿಯಂ ಬಗ್ಗೆ ಗಂಡಸರಿಗೆ ನಮಗಿಂತ ಹೆಚ್ಚು ಗೊತ್ತಿರುವುದು ಹೇಗೆ ಸಾಧ್ಯ? ಹುಣಿಸೆಹುಳಿ ಕದಡಿಟ್ಟರೆ ಆ ಪಾತ್ರೆ ಕೆಡುತ್ತದೆ, ಸೋಡಾಪುಡಿ ಹಾಕಿ ಉಜ್ಜಿದರೆ ಕಪ್ಪಾಗುತ್ತದೆ ಎಂದು ನಮ್ಮ ಅಜ್ಜಿಯಂದಿರಿಗೇ ಗೊತ್ತಿತ್ತು. ಹುಳಿಗೂ ಆಗದ, ಸುಣ್ಣಕ್ಕೂ ಆಗದ ಲೋಹ ಅದು. ಕಿಟಕಿಯೂ ಅದೇ ಲೋಹ. ಗಾರೆ ಕೆಲಸ ಮುಗಿಯುವವರೆಗೆ ಅದರ ಮೇಲಿನ ಅಂಟುಪಟ್ಟಿ ಕೀಳಬಾರದು, ಸಿಮೆಂಟ್ ಮೆತ್ತಿದರೆ ಕಲೆ ಹೋಗುವುದಿಲ್ಲ. ಟೈಲು ತೊಳೆಯಲು ಕೂಲಿಯವರು ತರುವ ಆ್ಯಸಿಡ್ ಟ್ರ್ಯಾಕಿಗೆ ಹರಿಯಬಾರದು. ನಮ್ಮ ಮನೆಯಲ್ಲಿ ಎರಡೂ ಆಗಿದೆ. ಬಂದು ನೋಡುವವರಿಗೆ ತೋರಿಸುತ್ತೇನೆ.

ಅತ್ತೆಯವರು ಬಿದ್ದ ಮೇಲೆ ನನಗೊಂದು ಹಠ ಹುಟ್ಟಿತು. ಶಿವಮೊಗ್ಗಕ್ಕೆ ಹೋದಾಗಲೆಲ್ಲ ಅಲ್ಯೂಮಿನಿಯಂ ಅಂಗಡಿ ಹೊಕ್ಕು ಕೇಳತೊಡಗಿದೆ. ಒಬ್ಬ ಮುದುಕರು ಸಹನೆಯಿಂದ ಹೇಳಿಕೊಟ್ಟರು. ಉಳಿದವರು "ಯಜಮಾನರನ್ನ ಕರ್ಕೊಂಡ್ ಬನ್ನಿ" ಎಂದರು. ತಿಳಿದುಕೊಂಡದ್ದರಲ್ಲಿ ಕೆಲವನ್ನು ಹೇಳುತ್ತೇನೆ. ಚದರಡಿಗೆ ಇಷ್ಟು ಎಂದು ದರ ಹೇಳುತ್ತಾರಲ್ಲ, ಅದರಲ್ಲಿ ಅಲ್ಯೂಮಿನಿಯಂನ ದಪ್ಪ ಎಷ್ಟೆಂದು ಹೇಳುವುದಿಲ್ಲ. ಒಂದು ಮಿಲಿಮೀಟರಿನ ತಗಡೂ ಎರಡು ಮಿಲಿಮೀಟರಿನ ತಗಡೂ ಬಣ್ಣ ಹೊಡೆದ ಮೇಲೆ ಒಂದೇ ಥರ ಕಾಣುತ್ತವೆ. ತುಂಡೊಂದನ್ನು ತರಿಸಿ ಅಂಚು ನೋಡಬೇಕು, ಮೀಟರಿಗೆ ತೂಕ ಕೇಳಬೇಕು. ನಾವು ತೆಳುವಾದ ಪಾತ್ರೆಯನ್ನು ಬೆರಳಲ್ಲಿ ತಟ್ಟಿ ಗುರುತಿಸುವವರಲ್ಲವೇ? ಬಣ್ಣವೂ ಎರಡು ಬಗೆ. ಒಂದು ಆನೋಡೈಸಿಂಗ್, ಎಂದರೆ ವಿದ್ಯುತ್ತಿನಿಂದ ಲೋಹದ ಮೈಮೇಲೇ ಗಟ್ಟಿ ಪೊರೆ ಬೆಳೆಸುವುದು. ಇನ್ನೊಂದು ಪೌಡರ್ ಕೋಟಿಂಗ್, ಬಣ್ಣದ ಪುಡಿ ಹಿಡಿಸಿ ಒಲೆಯಲ್ಲಿ ಬೇಯಿಸುವುದು. ರೋಲರ್ ಪ್ಲಾಸ್ಟಿಕ್ಕಿನದೋ ಬೇರಿಂಗ್ ಇರುವುದೋ ಎಂಬುದು ಬೆಲೆಯಲ್ಲಿ ಸಣ್ಣ ವ್ಯತ್ಯಾಸ, ಮೊಣಕೈಗೆ ದೊಡ್ಡ ವ್ಯತ್ಯಾಸ. ಸರಿಯುವ ಬಾಗಿಲನ್ನು ಎತ್ತಿ ಟ್ರ್ಯಾಕಿಗೆ ಕೂರಿಸುತ್ತಾರೆ. ಎತ್ತಿ ಕೂರಿಸಿದ್ದನ್ನು ಎತ್ತಿ ತೆಗೆಯಲೂ ಬರುತ್ತದೆ, ಹಾಗೆ ಎತ್ತಲಾಗದಂತೆ ಮೇಲುಗಡೆ ತಡೆ ಇಡಿಸಬೇಕು. ಕಿಟಕಿಗಾದರೆ ಗ್ರಿಲ್ ಇದೆ, ಬಾಗಿಲಿಗೆ ಯಾವ ಗ್ರಿಲ್? ನಮ್ಮದರಲ್ಲಿ ಆ ತಡೆ ಇರಲಿಲ್ಲ. ನಾಲ್ಕು ವರ್ಷ ನಾವು ಬೀಗ ಹಾಕಿ ನೆಮ್ಮದಿಯಿಂದ ಮಲಗಿದ್ದೆವು.

ಗಾಜಿನ ಮಾತು ಬೇರೆಯೇ. ಸಾಮಾನ್ಯ ಗಾಜು ಒಡೆದರೆ ಕತ್ತಿಯಂಥ ಚೂರುಗಳಾಗುತ್ತವೆ. ಟಫನ್ಡ್ ಗಾಜು ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ. ಮಕ್ಕಳು ಓಡುವ ಎತ್ತರದಲ್ಲಿ, ಬಾಗಿಲಲ್ಲಿ, ಎರಡನೆಯದೇ ಇರಬೇಕು. ಅದನ್ನು ಹದ ಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ, ಅಳತೆ ಕೊಟ್ಟು ಮಾಡಿಸಬೇಕು. ಹಾಗಾಗಿ "ಟಫನ್ಡೇ ಹಾಕ್ತೀನಿ" ಎಂದವನು ಮರುದಿನವೇ ಅಂಗಳದಲ್ಲಿ ಕೂತು ವಜ್ರದ ಮೊನೆಯಿಂದ ಗಾಜು ಕೊಯ್ಯುತ್ತಿದ್ದರೆ ಅದು ಟಫನ್ಡ್ ಅಲ್ಲ.

ಇದನ್ನೆಲ್ಲ ನಾನು ನೆರೆಮನೆಯಲ್ಲಿ ಹೇಳಹೋದರೆ ಅಲ್ಲಿಯ ಯಜಮಾನರು ನಗುತ್ತಾರೆ. "ನಿಮ್ಮ ಮಾತು ಕೇಳಿದರೆ ಹಳೆ ಕಾಲಕ್ಕೇ ಹೋಗಬೇಕು" ಎನ್ನುತ್ತಾರೆ. ಹಳೆಯ ಕಾಲಕ್ಕೆ ಹೋಗಲು ನನಗೇನೂ ಆಸೆಯಿಲ್ಲ. ಅಲ್ಲಿ ಹೊಗೆ ಇತ್ತು, ಕತ್ತಲೆಯಿತ್ತು. ನಾನು ಕೇಳುತ್ತಿರುವುದು ಹೊಸ ಮನೆಯಲ್ಲಿ ಪೂರ್ತಿ ತೆರೆಯುವ ಕಿಟಕಿ. ಅದೂ ಅಲ್ಯೂಮಿನಿಯಂನಲ್ಲೇ ಇದೆ, 'ಓಪನೆಬಲ್' ಎಂದು ಅವರ ಭಾಷೆಯಲ್ಲಿ ಅದಕ್ಕೆ ಹೆಸರು. ಆಲ್ಬಮ್ಮಿನಲ್ಲಿ ಕೊನೆಯ ಪುಟದಲ್ಲಿರುತ್ತದೆ. ಕೇರಳದಲ್ಲಿ ಮನೆಗಳನ್ನು ಕಟ್ಟಿದ ಲಾರಿ ಬೇಕರ್ ಅವರು ಇನ್ನೂ ಮುಂದೆ ಹೋಗಿ ಚೌಕಟ್ಟೇ ಬೇಡ, ಉದ್ದನೆಯ ಒಂದು ಹಲಗೆಯನ್ನು ಮೇಲೆ ಕೆಳಗೆ ಎರಡು ಗೂಟದ ಮೇಲೆ ತಿರುಗುವಂತೆ ನಿಲ್ಲಿಸಿದರೆ ಅದೇ ಕಿಟಕಿ ಎಂದರು. ಕಿಟಕಿಗೆ ಬೀಳುವ ಖರ್ಚು ಅದೇ ಜಾಗದ ಗೋಡೆಗೆ ಬೀಳುವುದಕ್ಕಿಂತ ಎಷ್ಟು ಹೆಚ್ಚೆಂದು ಲೆಕ್ಕ ಹಾಕಿ ತೋರಿಸಿದರು. ಅಷ್ಟು ದುಬಾರಿಯ ವಸ್ತು ಎಂದ ಮೇಲೆ ಅದು ತನ್ನ ಕೆಲಸವನ್ನಾದರೂ ಪೂರ್ತಿ ಮಾಡಬೇಡವೇ? ಇನ್ನೊಂದು ಲೆಕ್ಕ ನನ್ನನ್ನು ಕಾಡುತ್ತದೆ. ಅದಿರಿನ ಸತ್ವದಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 14–15 ಯೂನಿಟ್ ವಿದ್ಯುತ್ ಬೇಕು. ಕರೆಂಟಿಗಾಗಿ ಹೊಸ್ತಿಲು ಕಿತ್ತುಕೊಂಡು ಬಂದವರ ಮಗಳು ನಮ್ಮ ಮನೆಯಲ್ಲಿದ್ದರು. ಅಷ್ಟು ಕರೆಂಟು ತಿಂದ ಲೋಹವನ್ನು ತೆಳ್ಳಗೆ ಮಾಡಿ, ಹತ್ತು ವರ್ಷಕ್ಕೆ ಕಿತ್ತು ಗುಜರಿಗೆ ಹಾಕುವಂತೆ ಕೂರಿಸುವುದು ನನಗೆ ಪಾಪವೆಂದೇ ತೋರುತ್ತದೆ.

ನಮ್ಮವರ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಅವರು ಕೆಟ್ಟವರಲ್ಲ. ತಾಯಿ ಬಿದ್ದ ವಾರವೇ ಪೇಟೆಯಿಂದ ಕೆಂಪು ಟೇಪು ತಂದು ತಾವೇ ಮಂಡಿಯೂರಿ ಆ ಪಟ್ಟಿಗೆ ಅಂಟಿಸಿದರು. "ಆಗ ನೀನಾದರೂ ಹೇಳಬಾರದಿತ್ತಾ" ಎಂದರು. "ನೀವು ಕೇಳಲಿಲ್ಲ" ಎಂದೆ. "ಕೇಳಿದ್ದೆ. ಚೆನ್ನಾಗಿದೆ ಅಂದೆ" ಎಂದರು. ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಇಂದಿಗೂ ಇಲ್ಲ.

2019ರಲ್ಲಿ ಅಡುಗೆಮನೆಯ ಕಿಟಕಿ ಕೀಳಿಸಿದೆ. ಆ ಜಾಗಕ್ಕೆ ಎರಡು ರೆಕ್ಕೆಯ, ಹೊರಗೆ ತೆರೆಯುವ ಅಲ್ಯೂಮಿನಿಯಂ ಕಿಟಕಿ ಬಂತು. ಹಿಡಿ ಕಟ್ಟೆಯ ಈಚೆಯಿಂದಲೇ ಕೈಗೆ ಸಿಗುವ ಮಟ್ಟದಲ್ಲಿದೆ. ಮೇಲುಗಡೆ ಎರಡಡಿಯ ಸಜ್ಜಾ ಹಾಕಿಸಿದ್ದೇನೆ. ಮನೆಯ ಎದುರು ನೋಟಕ್ಕೆ ಅದು ಹೊಂದುವುದಿಲ್ಲ ಎಂದು ಭಾವನವರು ಬಂದಾಗಲೆಲ್ಲ ಹೇಳುತ್ತಾರೆ, ಒಗ್ಗರಣೆಯ ವಾಸನೆ ರಸ್ತೆಯವರೆಗೆ ಬರುತ್ತದೆಂದೂ ಹೇಳುತ್ತಾರೆ. ಬರಲಿ. ಸಿಟ್‌ಔಟಿನ ಬಾಗಿಲನ್ನು ಅತ್ತೆಯವರು ಇದ್ದಾಗಲೇ ಬದಲಾಯಿಸಬೇಕಿತ್ತು. ಟೈಲು ಒಡೆಯಬೇಕು, ಖರ್ಚು ಎಂದು ಮುಂದೂಡಿದೆವು, ಕೋವಿಡ್ ಬಂತು, ಆಮೇಲೆ ಅವರೇ ಇರಲಿಲ್ಲ.

ಕಳೆದ ತಿಂಗಳು ಎದುರು ಸಾಲಿನಲ್ಲಿ ಹೊಸದಾಗಿ ಮನೆ ಕಟ್ಟಿಸುತ್ತಿರುವ ಟೀಚರಮ್ಮ ಬಂದು, "ನಾಳೆ ಕಿಟಕಿಯವನು ಆಲ್ಬಮ್ ತರ್ತಾನಂತೆ, ನೀವೂ ಬರ್ತೀರಾ?" ಎಂದು ಕೇಳಿದರು. ಹೋದೆ. ಹೋಗುವಾಗ ಅಳತೆಯ ಟೇಪು, ತೂಕದ ತಕ್ಕಡಿ, ಒಂದು ಚೊಂಬು ಹಿಡಿದುಕೊಂಡೆ. ಚೊಂಬು ಯಾಕೆ ಎಂದು ಅವನು ಕೇಳಿದ. ಟೀಚರಮ್ಮನ ಯಜಮಾನರು ಒಳಗೆ ಕಾಫಿ ಮಾಡುತ್ತಿದ್ದರು.